ಗಾಜಿನೊಳಗೆ ಎತ್ತಿದ ಕೈ

"ಸ್ವಲ್ಪ ನಿಲ್ಸಿ. ನಿಮ್ಮ ಹೊಟ್ಟೆ ಮಾತಾಡ್ತಿದೆ."

ಹೆಡ್‌ಫೋನಿನಲ್ಲಿ ಈ ಮಾತು ಕೇಳಿದ್ದೇ ತಡ, ಅವಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಧಾರಾವಾಹಿಯ ನಾಯಕಿಗೆ ಧ್ವನಿ ಕೊಡಲು ಆ ಸ್ಟುಡಿಯೋಕ್ಕೆ ಬಂದ ಮೊದಲ ದಿನ ಅದು. ಗಾಜಿನ ಗೋಡೆಯ ಒಳಗೆ ಮೈಕಿನ ಮುಂದೆ ಅವಳು, ಆಚೆ ಯಂತ್ರಗಳ ಮುಂದೆ ರೆಕಾರ್ಡಿಸ್ಟ್. ಬಂದಾಗಿನಿಂದ ಅವನದು ಒಂದೇ ಕಾಟ. ಸದ್ದು ಮಾಡುತ್ತವೆಂದು ಬಳೆ ತೆಗೆಸಿದ. ಕಿರುಗುಟ್ಟುತ್ತವೆಂದು ಚಪ್ಪಲಿ ಬಿಡಿಸಿದ. ಈಗ ಹೊಟ್ಟೆ!

"ಹೊಟ್ಟೆ ಬಿಚ್ಚಿ ಹೊರಗಿಡೋಕಾಗಲ್ಲ," ಎಂದಳು ಸಿಡುಕಿ.

ಬೆಳಿಗ್ಗೆಯಿಂದ ಏನು ತಿಂದಿದ್ದೀರಿ ಎಂದು ಕೇಳಿದ. ನಿಮಗ್ಯಾಕೆ ಅದೆಲ್ಲ ಅಂದಳು. ಅವನು ಎದ್ದು ಬಂದು, ಭಾರದ ಬಾಗಿಲು ತಳ್ಳಿ, ತನ್ನ ಊಟದ ಡಬ್ಬಿಯನ್ನು ಅವಳ ಕೈಗಿಟ್ಟು ಹೋದ. ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಡಬ್ಬಿ ಖಾಲಿ ಮಾಡಿದಳು.

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು 'ಕಿವಿ' ಎಂದು ಕರೆಯುತ್ತಿದ್ದರು. ಪಕ್ಕದ ಬೀದಿಯಲ್ಲಿ ಯಾರಾದರೂ ಸೀನಿದರೂ ಇವನಿಗೆ ಗೊತ್ತಾಗುತ್ತದೆ ಎಂದು ತಮಾಷೆ. ಅವಳು ಮನೆಯಲ್ಲಿ 'ಗಿಣಿ', ಅಮ್ಮ ಇಟ್ಟ ಹೆಸರು. ಕಿವಿಗೂ ಗಿಣಿಗೂ ಮನಸ್ಸು ಕೂಡಲು ಹೆಚ್ಚು ಕಾಲ ಬೇಕಾಗಲಿಲ್ಲ. ಅವನನ್ನು ಮನೆಗೆ ಕರೆದುಕೊಂಡು ಹೋದಾಗ ಅಣ್ಣ ಸಂಬಳ ಕೇಳಿದ, ಅತ್ತಿಗೆ ಜಾತಕದಂತೆ ಮುಖ ನೋಡಿದಳು. ಅಮ್ಮ ಮಾತ್ರ ಅವನ ಕೈ ಹಿಡಿದು, "ಇವಳಿಗೆ ಹಸಿವಾಗಿದ್ದೂ ಗೊತ್ತಾಗಲ್ಲಪ್ಪ, ನೀನೇ ಹೇಳ್ಬೇಕು," ಅಂದಳು.

ಮದುವೆ ಮಾತು ಮುಗಿದಂತೆಯೇ ಆಯಿತು.

ಆದರೆ ಗಿಣಿಗೆ ಪುರುಸೊತ್ತೆಲ್ಲಿ? ಬೆಳಿಗ್ಗೆ ಒಂದು ಸ್ಟುಡಿಯೋ, ಮಧ್ಯಾಹ್ನ ಇನ್ನೊಂದು, ನಡುವೆ ಆಟೋದಲ್ಲೇ ಜಾಹೀರಾತಿನ ಸಾಲುಗಳ ಉರು. ಬಂದ ಕೆಲಸವನ್ನು ಬೇಡವೆಂದರೆ ನಾಳೆ ಯಾರೂ ಕರೆಯುವುದಿಲ್ಲ ಎಂಬ ಭಯ ಅವಳ ಬೆನ್ನು ಬಿಡಲಿಲ್ಲ. ಅಮ್ಮನ ಹೃದಯ ದುರ್ಬಲವಾಗುತ್ತ ಬಂದಿತ್ತು. ಸ್ವಲ್ಪ ಹೊತ್ತು ನನ್ನ ಹತ್ತಿರ ಕೂತ್ಕೋ ಎಂದು ಅಮ್ಮ ಕರೆದಾಗಲೆಲ್ಲ, ಇದೊಂದು ಎಪಿಸೋಡ್ ಮುಗೀಲಿ ಎಂದು ಗಿಣಿ ಚಪ್ಪಲಿ ಮೆಟ್ಟುತ್ತಿದ್ದಳು. ಒಂದು ದಿನವಾದರೂ ರಜೆ ಹಾಕು ಎಂದು ಕಿವಿ ಹೇಳಿದರೆ, ನಿನಗೆ ಮೇಲೆ ಬರೋ ಆಸೆಯೇ ಇಲ್ಲ ಎಂದು ಅವನ ಬಾಯಿ ಮುಚ್ಚಿಸುತ್ತಿದ್ದಳು.

ಅವಳದೇ ಒಂದು ಕಟ್ಟಳೆಯೂ ಇತ್ತು. ಮೈಕಿನ ಮುಂದೆ ನಿಂತಾಗ ಅವಳ ಫೋನು ಗಾಜಿನಾಚೆ ಕಿವಿಯ ವಶದಲ್ಲಿರಬೇಕು. ಮನೆಗೆ ಬೆಂಕಿ ಬಿದ್ದರೂ ಸಾಲು ಮುಗಿಯುವವರೆಗೆ ಯಾರೂ ಒಳಗೆ ಬರಕೂಡದು.

ಆ ದಿನ ನಾಯಕಿಯನ್ನು ಗಂಡ ತೊರೆದು ಹೋಗುವ ದೃಶ್ಯ. ಸಂಜೆಯೇ ಪ್ರಸಾರ. "ನನ್ನನ್ನ ಬಿಟ್ಟು ಹೋಗ್ಬೇಡ..." ಎಂದು ಗಿಣಿ ಅಳಲು ಶುರು ಮಾಡಿದ್ದಳು. ಅಮ್ಮ ಹಿಂದಿನ ದಿನವಷ್ಟೇ ಆಸ್ಪತ್ರೆ ಸೇರಿದ್ದಳು.

ಗಾಜಿನಾಚೆ ಕಿವಿ ಎದ್ದು ನಿಂತ. ಅವನ ಕೈಯಲ್ಲಿ ಅವಳ ಫೋನು. ಪರದೆಯನ್ನು ಗಾಜಿಗೆ ಒತ್ತಿ ಹಿಡಿದ. ಅಣ್ಣನ ಹೆಸರು ಅವಳಿಗೆ ಕಂಡಿತು. ಕಿವಿಯ ಮುಖವೂ ಕಂಡಿತು.

ಅವಳು ಅಂಗೈ ಎತ್ತಿದಳು. ತಾಳು.

ಅಷ್ಟು ಚೆನ್ನಾಗಿ ಅಳು ಬಂದಿತ್ತು... ಇನ್ನೊಂದು ನಿಮಿಷ, ಅಷ್ಟೇ... ಅಂದುಕೊಂಡಳು. ಅತ್ತು ಮುಗಿಸಿದಳು. ಹೊರಗೆ ಬರುವಾಗ ಲೈನ್ ಕಡಿದುಹೋಗಿತ್ತು. ಮತ್ತೆ ಫೋನು ಬಂದಾಗ ಅಣ್ಣ ಹೇಳಿದ್ದು ಒಂದೇ ಮಾತು: ಅಮ್ಮ ಹೋದಳು.

ಮನೆಯ ತುಂಬ ಜನ. ಅಮ್ಮನ ಪಕ್ಕದಲ್ಲಿ ಕೂತಿದ್ದ ಅಣ್ಣ ತಲೆ ಎತ್ತಿ, ಕಿವಿ ಫೋನೆತ್ತಿದರೂ ನೀನ್ಯಾಕೆ ಬಂದು ಮಾತಾಡಲಿಲ್ಲ ಎಂದು ಕೇಳಿದ. ಎಲ್ಲರ ಕಣ್ಣೂ ಅವಳ ಮೇಲೆ. ಗಿಣಿಯ ನಾಲಿಗೆ ತಾನಾಗಿ ಹೊರಳಿತು.

"ಇವನು ನನಗೆ ಹೇಳಲೇ ಇಲ್ಲ."

ಅಣ್ಣ ಎದ್ದು ಹೋಗಿ ಬಾಗಿಲಲ್ಲಿ ನಿಂತಿದ್ದ ಕಿವಿಯ ಕೆನ್ನೆಗೆ ಬಾರಿಸಿದ. ಕಿವಿ ಒಮ್ಮೆ ಅವಳತ್ತ ನೋಡಿದ. ಅವಳು ತಲೆ ತಗ್ಗಿಸಿದಳು. ಆಮೇಲೆ ಹೊರಗೆ, ಅಮ್ಮನ ವಿಷಯ ಹೇಳಬೇಕೆಂದು ಹತ್ತಿರ ಬಂದವನಿಗೆ, ಒಂದು ಮಾತೂ ಆಡಬೇಡ, ನಿನ್ನ ಮುಖ ನೋಡಲಾರೆ ಎಂದಳು. ಅವನು ಹೊರಟುಹೋದ. ತಪ್ಪು ಮಾಡಿದವರಿಗೆ ಸಿಟ್ಟು ಎಷ್ಟು ಬೇಗ ಬರುತ್ತದೆ ನೋಡಿ!

ಆ ಅಳುವಿನ ದೃಶ್ಯ ಮನೆಮಾತಾಯಿತು. ಕೆಲಸ ಅವಳ ಬಾಗಿಲಿಗೆ ಹುಡುಕಿಕೊಂಡು ಬಂತು. ಕಿವಿ ಸ್ಟುಡಿಯೋ ಬಿಟ್ಟು, ಕಿವುಡರು ಹಾಕಿಕೊಳ್ಳುವ ಮೆಷಿನ್ ಮಾರುವ ಅಂಗಡಿಯೊಂದರಲ್ಲಿ ಕೂತಿದ್ದಾನೆಂದು ಯಾರೋ ಹೇಳಿದರು. ಆ ಬೀದಿ ಬಿಟ್ಟು ಬೇರೆ ದಾರಿಯಲ್ಲಿ ಓಡಾಡಿದಳು. ಅಮ್ಮನನ್ನು ನೆನೆದು ಅಳಲು ಕೂತರೆ ಬಾಯಿಂದ ಬರುತ್ತಿದ್ದುದು ನಾಯಕಿಯ ಅಳು. ತನ್ನದೇ ಅಳುವಿನ ಮೇಲೆ ಅವಳಿಗೆ ಹೇಸಿಗೆ ಹುಟ್ಟಿತು. ಇನ್ನಷ್ಟು ಕೆಲಸ ಒಪ್ಪಿಕೊಂಡಳು.

ವರ್ಷ ಕಳೆದು ಅದೇ ಅಳುವಿಗೆ ಪ್ರಶಸ್ತಿ ಬಂತು. ಸಭೆಯಲ್ಲಿ ಆ ದೃಶ್ಯ ಹಾಕಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಮ್ಮನ ಪ್ರಾಣ ಹೋದ ಹೊತ್ತಿಗೆ ಚಪ್ಪಾಳೆ... ಗಿಣಿ ಕೈಮುಗಿದು ನಕ್ಕಳು.

ಮರುದಿನ ಬೆಳಿಗ್ಗೆ ಅಣ್ಣ ಸ್ಟೂಲು ಹತ್ತಿ, ಅಮ್ಮನ ಫೋಟೋದ ಕೆಳಗೆ ಆ ಪ್ರಶಸ್ತಿಯ ಫಲಕ ತೂಗುಹಾಕಲು ಮೊಳೆ ಹೊಡೆಯತೊಡಗಿದ. ಅಮ್ಮ ಇದ್ದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದಳು, ಆ ಪಾಪಿ ಕೊನೇ ಮಾತನ್ನೂ ಆಡಗೊಡಲಿಲ್ಲ ಎಂದು ಬೈಯುತ್ತಿದ್ದ.

"ಅಣ್ಣಾ, ಅವನು ಫೋನ್ ತೋರಿಸಿದ್ದ. ನಾನೇ ತಾಳು ಅಂದೆ."

ಸುತ್ತಿಗೆ ನಿಂತಿತು. ಅಣ್ಣ ಇಳಿದು ಬಂದು ಅವಳ ಮುಂದೆ ನಿಂತ. ಅವಳು ಕೆನ್ನೆ ಒಡ್ಡಿಕೊಂಡೇ ನಿಂತಳು. ಅವನು ಹೊಡೆಯಲಿಲ್ಲ.

"ಅವತ್ತು ಅಮ್ಮನ ಪಕ್ಕದಲ್ಲಿ ಇದ್ದವನು ನಾನು. ಅವಳು ನನ್ನ ಕಡೆ ನೋಡಲಿಲ್ಲ ಕಣೇ. ಗಿಣಿ, ಗಿಣಿ ಅಂತಲೇ ಅಂದಳು. ಅವಳ ಕೈಗೆ ಫೋನು ಕೊಟ್ಟು ನರ್ಸನ್ನ ಕರೆಯೋಕೆ ಓಡಿದೆ. ಬರೋದ್ರೊಳಗೆ ಮುಗಿದಿತ್ತು." ಫಲಕವನ್ನು ಅವಳ ಕೈಗೆ ತುರುಕಿದ. "ತಗೊಂಡು ಹೋಗು. ನೀನೂ ಹೋಗು."

ಅತ್ತಿಗೆ ಅವಳ ಬಟ್ಟೆಯ ಚೀಲವನ್ನು ಹೊಸ್ತಿಲಾಚೆ ಇಟ್ಟು ಬಾಗಿಲು ಹಾಕಿಕೊಂಡಳು.

ಗೆಳತಿಯೊಬ್ಬಳ ಕೋಣೆಯಲ್ಲಿ ಚೀಲ ಇಟ್ಟ ಗಿಣಿ, ಧೈರ್ಯ ಬರುವವರೆಗೆ ಕೆಲವು ದಿನ ಅಲ್ಲೇ ಬಿದ್ದುಕೊಂಡಿದ್ದಳು. ಆಮೇಲೊಂದು ಮಧ್ಯಾಹ್ನ ಆ ಅಂಗಡಿಗೆ ಹೋದಳು. ಕಿವಿ ಚಿಕ್ಕ ಬ್ರಷ್ಷಿನಿಂದ ಯಾರದೋ ಮೆಷಿನ್ನಿನ ಕೊಳೆ ತೆಗೆಯುತ್ತಿದ್ದ. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

ಅಣ್ಣನಿಗೆ ಎಲ್ಲ ಹೇಳಿದೆ ಎಂದಳು. ಗೊತ್ತು ಅಂದ; ಅಣ್ಣ ಬಂದು ಇದೇ ಅಂಗಡಿಯಲ್ಲಿ ಕೂತು ಅತ್ತು ಹೋಗಿದ್ದನಂತೆ.

"ಕ್ಷಮಿಸು ಅಂತ ಕೇಳೋಕೆ ಬಂದಿದ್ರೆ ಸುಮ್ನೆ ಹೋಗು," ಎಂದ ತಲೆ ಎತ್ತದೆ. "ವರ್ಷದಿಂದ ನಾನು ಸಾಯೋರ ಮಾತು ತಡೆದವನು. ಇಲ್ಲಿಗೆ ಬರೋರೂ ಅದನ್ನೇ ಪಿಸುಗುಡ್ತಾರೆ. ನನಗೆ ಕೇಳಿಸಲ್ಲ ಅಂದ್ಕೊಂಡಿದಾರೆ."

ಬೈಯಲಿ, ಇನ್ನೂ ಬೈಯಲಿ... ಅನ್ನಿಸಿತು ಅವಳಿಗೆ.

"ಕ್ಷಮೆ ಕೇಳೋ ಮುಖ ನನಗಿಲ್ಲ. ಫೋನ್ ಎತ್ತಿದ್ದು ನೀನು. ಅಮ್ಮ ಏನಂದ್ಲು?"

ಅವನು ಬ್ರಷ್ಷು ಕೆಳಗಿಟ್ಟ.

"ಗಿಣಿ ಎಲ್ಲಿ ಅಂದ್ರು. ನೀನು ತಾಳು ಅಂದೆ. ನಿನ್ನ ದನಿಯಾದ್ರೂ ಕೇಳಲಿ ಅಂತ ಫೋನನ್ನ ರೆಕಾರ್ಡಿಂಗ್ ಸ್ಪೀಕರಿಗೆ ಹಿಡಿದೆ."

ಆ ಹೊತ್ತಿಗೆ ಸ್ಪೀಕರಿನಲ್ಲಿ ಬರುತ್ತಿದ್ದುದು ಒಂದೇ. ನನ್ನನ್ನ ಬಿಟ್ಟು ಹೋಗ್ಬೇಡ...

"ನನಗೋಸ್ಕರ ಅಳ್ತಿದಾಳಾ ಅಂತ ಕೇಳಿದ್ರು."

"ನೀನು ಏನಂದೆ?"

"ಹೌದಮ್ಮಾ ಅಂದೆ."

ಅವಳು ಗಾಜಿನ ಕಪಾಟನ್ನು ಹಿಡಿದುಕೊಂಡಳು.

"ಸಾಕು ಅನ್ನಪ್ಪ ಅಂದ್ರು. ಗಂಟಲು ಕಟ್ಟಿದ್ರೆ ನಾಳೆ ಕೆಲಸಕ್ಕೆ ಹೇಗೆ ಹೋಗ್ತಾಳೆ ಅಂದ್ರು. ಆಮೇಲೆ ಮಾತಿಲ್ಲ."

ಯಾಕೆ ಅವತ್ತೇ ಹೇಳಲಿಲ್ಲ ಎಂದು ಕೇಳಿದಳು, ಕೇಳುವ ಹಕ್ಕಿಲ್ಲವೆಂದು ಗೊತ್ತಿದ್ದೂ.

"ಅಷ್ಟು ಜನರ ಮುಂದೆ ಹೇಳಿದ್ರೆ ನೀನು ತಾಳು ಅಂದಿದ್ದನ್ನೂ ಹೇಳ್ಬೇಕಿತ್ತು. ಮನಸ್ಸಾಗಲಿಲ್ಲ. ಹೊರಗೆ ಹೇಳೋಕೆ ಬಂದೆ, ನೀನೇ ಬಾಯಿ ಮುಚ್ಚಿಸಿದೆ. ಆಮೇಲೆ ಬೇಕಂತಲೇ ಹೇಳಲಿಲ್ಲ. ಬೇಯಲಿ ಅಂತ ಬಿಟ್ಟೆ. ನಾನೇನು ದೇವರಲ್ಲ."

ಆಗ ಅವಳಿಗೆ ಅಳು ಬಂತು. ಯಾವ ನಾಯಕಿಗೂ ಹೊಂದದ ಅಳು. ಮೂಗು ಸೋರಿ, ದನಿ ಒಡೆದು, ಬಿಕ್ಕಳಿಕೆ ಹತ್ತಿ, ಬೀದಿಯವರು ನಿಂತು ನೋಡುವಂಥ ಅಳು. ಅವನು ಸುಮ್ಮನೆ ನೋಡುತ್ತ ಕೂತ. ಅಷ್ಟು ದಿನದ ಹಟ ಒಳಗೊಳಗೇ ಸೋಲುತ್ತಿದ್ದುದು ಅವನಿಗೆ ಮಾತ್ರ ಗೊತ್ತು. ಕೊನೆಗೆ ಎದ್ದು ಬಂದು ಅವಳ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ.

"ಕೆಲಸ ಬಿಟ್ಟುಬಿಡ್ತೀನಿ," ಎಂದಳು ಅವನ ಅಂಗಿಯೊಳಗೆ.

"ಬಿಡಬೇಡ. ಅದೂ ಬಿಟ್ರೆ ನನ್ನ ತಲೆ ತಿಂತೀಯ. ಅರ್ಧ ದಿನ ಮಾಡು. ಉಳಿದರ್ಧ ದಿನ ಮನುಷ್ಯಳಾಗಿರು."

"ಎಲ್ಲಿ ಇರಲಿ? ಅಣ್ಣ ಬಾಗಿಲು ತೆಗೆಯಲ್ಲ."

ಅವನು ಹೋಗಿ ಅಂಗಡಿಯ ಶಟರ್ ಎಳೆದ. ಹೊರಗಿನ ಬಿಸಿಲು ಕೆಳಗಿನ ಸಂದಿಯಲ್ಲಷ್ಟೇ ಉಳಿಯಿತು.

"ಗಿರಾಕಿ ಬಂದ್ರೆ?"

"ಸಂಜೆ ಬರ್ತಾರೆ." ಸ್ಟೂಲನ್ನು ಅವಳ ಕಡೆ ತಳ್ಳಿದ. "ಕೂತ್ಕೋ. ಅಮ್ಮನ ಬಗ್ಗೆ ಹೇಳು."

"ಏನು ಹೇಳಲಿ?"

"ಎಲ್ಲಾ ಹೇಳು. ನನಗೇನೂ ಆತುರ ಇಲ್ಲ."