ಚೂಟಿಯ ಹೊಟ್ಟೆಯಲ್ಲಿ ಅಪ್ಪನ ತುಂಡು

ವಾರ್ಡಿನ ಬಾಗಿಲಲ್ಲಿ ಗಂಡನನ್ನು ಕಂಡದ್ದೇ ತಡ, ಅವಳ ಎದೆ ಧಸಕ್ಕೆಂದಿತು!

ಬೇರೆಯಾಗಿ ವರ್ಷವಾಗುತ್ತಾ ಬಂದಿತ್ತು. ಲಿಫ್ಟ್ ರಿಪೇರಿ ಅರ್ಧಕ್ಕೇ ಬಿಟ್ಟು ಓಡಿ ಬಂದಿದ್ದ. ಅಂಗೈಯ ಗ್ರೀಸ್ ಇನ್ನೂ ಹಾಗೇ ಇತ್ತು.

"ಚೂಟಿ ಎಲ್ಲಿ?"

ಹೇಗಿದ್ದೀಯ ಅಂತಲೂ ಕೇಳಲಿಲ್ಲ. 'ಯಾಕೆ ಕೇಳಬೇಕು? ನಾನು ಮಾಡಿದ್ದು ಗೊತ್ತಾದರೆ ನನ್ನ ಮುಖ ಕೂಡ ನೋಡಲಾರ...'

ಆರು ವರ್ಷದ ಮಗಳು ಮಂಚದ ಮೇಲೆ ಎದ್ದು ಕೂತಳು. ಕಣ್ಣು ಹಳದಿಗಟ್ಟಿತ್ತು, ಬಾಯಿ ಮಾತ್ರ ಎಂದಿನಷ್ಟೇ ಚುರುಕು.

"ಅಪ್ಪಾ! ನೀನ್ ಕೊಟ್ಟ ಲಿವರ್ ತುಂಡು ನನ್ ಹೊಟ್ಟೇಲಿ ಜಗಳ ಆಡ್ತಿದೆಯಂತೆ!"

ಅವನು ನಗಲು ಹೋದ, ಆಗಲಿಲ್ಲ. ಎರಡು ವರ್ಷದ ಹಿಂದೆ ತನ್ನ ಲಿವರಿನ ಒಂದು ಭಾಗವನ್ನು ಮಗಳಿಗೆ ಕೊಟ್ಟಿದ್ದ. ಅಂಗಿಯ ಮೇಲಿಂದಲೇ ಹೊಲಿಗೆಯ ಗುರುತು ಮುಟ್ಟಿಕೊಳ್ಳುತ್ತಾ ಕಾರಿಡಾರಿಗೆ ಬಂದ.

"ಕೊಟ್ಟಿದ್ದೂ ಕೆಲಸಕ್ಕೆ ಬಾರದ್ದನ್ನ ಕೊಟ್ಬಿಟ್ನೇನೋ ಕಣೆ..."

'ಅಲ್ಲ! ತಪ್ಪು ನಂದು!'

ಆಗಿದ್ದಿಷ್ಟು. ಮೈ ಹೊಸ ಲಿವರನ್ನು ಹೊರಗಿನದೆಂದು ತಿರಸ್ಕರಿಸದಿರಲು ಚೂಟಿಗೆ ದಿನವೂ ಔಷಧಿ. ಅದು ರಕ್ತದಲ್ಲಿ ಎಷ್ಟಿದೆಯೆಂದು ಪರೀಕ್ಷಿಸುವ ಬೆಳಗ್ಗೆ ಮಾತ್ರ, ರಕ್ತ ತೆಗೆದ ಮೇಲೆಯೇ ಕುಡಿಸಬೇಕು. ಕಳೆದ ತಿಂಗಳು ನಿದ್ದೆಗಣ್ಣಲ್ಲಿ ಅವಳು ಮೊದಲೇ ಕುಡಿಸಿಬಿಟ್ಟಿದ್ದಳು. "ಔಷಧಿ ಕೊಟ್ಟಿಲ್ಲ ತಾನೆ?" ಎಂದು ಲ್ಯಾಬಿನವಳು ಕೇಳುವ ಹೊತ್ತಿಗೆ ಸೂಜಿ ಚುಚ್ಚಿಯಾಗಿತ್ತು. ಕೊಟ್ಟೆ ಎಂದರೆ ನಾಳೆ ಮತ್ತೆ ಚುಚ್ಚುತ್ತಾರೆ... "ಇಲ್ಲ" ಅಂದುಬಿಟ್ಟಳು.

ಆಗಷ್ಟೇ ಕುಡಿಸಿದ್ದರಿಂದ ಪರೀಕ್ಷೆಯಲ್ಲಿ ಔಷಧಿ ಇರುವುದಕ್ಕಿಂತ ಹೆಚ್ಚಾಗಿ ಕಂಡಿತು. ಡಾಕ್ಟರಮ್ಮ ಡೋಸ್ ಇಳಿಸಿದರು. ಈಗ ಹೀಗೆ!

"ನಿನ್ ಮರೆವಿನ ಕೈಗೆ ಮಗೂನ ಬಿಟ್ಟು ನಂಗೆ ನಿದ್ದೇನೇ ಬರಲ್ಲ" ಎಂದು ಅವನು ಎಗರಾಡಿದ್ದಕ್ಕೇ ಅಲ್ಲವೇ ಅವಳು ಮಗಳೊಂದಿಗೆ ಅಕ್ಕನ ಮನೆ ಸೇರಿದ್ದು? ಈಗ ಯಾವ ಮುಖ ಹೊತ್ತು ಹೇಳುವುದು?

ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು.

"ಬಯಾಪ್ಸಿ ರಿಪೋರ್ಟ್ ಬಂತು. ರಿಜೆಕ್ಷನ್ನೇ, ಮೈ ಲಿವರನ್ನ ತಿರಸ್ಕರಿಸ್ತಿದೆ. ಸ್ಟೆರಾಯ್ಡ್ ಇಂಜೆಕ್ಷನ್ ಇವತ್ತೇ ಶುರು. ಆದ್ರೆ ರಕ್ತದಲ್ಲಿ ಔಷಧಿ ಹೋದ್ ತಿಂಗಳು ಅಷ್ಟೊಂದಿತ್ತು, ಡೋಸ್ ಸ್ವಲ್ಪ ಇಳಿಸಿದ್ದಕ್ಕೇ ಈಗ ತೀರಾ ಕಮ್ಮಿ. ಇವಳ ಮೈಗೆ ಹೊಂದ್ತಿಲ್ವೇನೋ. ಇನ್ನೂ ಬಿರುಸಾದ್ದು ಸೇರಿಸ್ಬೇಕಾಗ್ಬಹುದು. ಆಗ ಸೋಂಕಿನ ಭಯ ಜಾಸ್ತಿ."

'ನನ್ನ ಸುಳ್ಳಿಗೆ ಮಗು ಇನ್ನೆಷ್ಟು ಅನುಭವಿಸಬೇಕು?'

"ಡಾಕ್ಟ್ರೇ... ಅವತ್ತು ನಾನು ಔಷಧಿ ಕುಡಿಸ್ಕೊಂಡೇ ಕರ್ಕೊಂಡ್ ಬಂದಿದ್ದೆ. ಇಲ್ಲ ಅಂತ ಸುಳ್ಳು ಹೇಳ್ದೆ!"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅವತ್ತೇ ಹೇಳ್ಬೇಕಿತ್ತಮ್ಮ. ಸರಿ, ಈಗ್ಲಾದ್ರೂ ಹೇಳಿದ್ರಲ್ಲ. ಹಳೇ ಡೋಸ್‌ಗೇ ಹೋಗೋಣ. ಬಿರುಸಾದ್ದು ಸದ್ಯಕ್ಕೆ ಬೇಡ."

ಅವನು ಎದ್ದು ಹೊರಟುಹೋದ.

ಬೆಂಚಿನ ಮೇಲೆ ಕುಸಿದು ಕೂತಳು. 'ಮುಗೀತು. ಎಲ್ಲಾ ಮುಗೀತು...'

ಅವನು ಮರಳಿ ಬಂದಾಗ ಕೈ ತೊಳೆದುಕೊಂಡಿದ್ದ. ಕಣ್ಣನ್ನೂ.

"ಬೈದ್ಬಿಡು" ಅಂದಳು.

"ನಂಗೊಂದ್ ಫೋನ್ ಮಾಡೋಕೆ ಯಾಕಾಗ್ಲಿಲ್ಲ?"

"ಭಯ... ನಿನ್ನದೇ ಭಯ."

ಅವನು ತಲೆ ತಗ್ಗಿಸಿದ. "ಕೋಪ ಬಂದಿದೆ ಕಣೆ. ತುಂಬಾ ಬಂದಿದೆ. ಆದ್ರೆ ಅದ್ರಲ್ಲಿ ಅರ್ಧ ನನ್ ಮೇಲೇ. ಅಷ್ಟು ಹೆದರ್ಸಿಟ್ಟಿದ್ನಲ್ಲ ನಿನ್ನ!" ಹೊಲಿಗೆಯ ಗುರುತು ಮುಟ್ಟಿಕೊಂಡ. "ಸದ್ಯ, ನನ್ ತುಂಡು ಚೆನ್ನಾಗೇ ಇತ್ತು."

ಅವಳಿಗೆ ನಗು ಬಂತು. ಅದರ ಹಿಂದೆಯೇ ತಡೆಯಲಾರದ ಅಳು.

ಇಂಜೆಕ್ಷನ್ ಫಲ ಕೊಟ್ಟಿತು. ಚೂಟಿಯ ಕಣ್ಣಿನ ಹಳದಿ ಮೆಲ್ಲಗೆ ಇಳಿಯಿತು. ತಾಯಿಯ ಎದೆಯ ಭಾರ ಮಾತ್ರ ಹಾಗೇ ಉಳಿಯಿತು.

ಮುಂದಿನ ಪರೀಕ್ಷೆಯ ಬೆಳಗ್ಗೆ ಲ್ಯಾಬಿನವಳು ಕೇಳಿದಳು, "ಔಷಧಿ ಕೊಟ್ಟಿಲ್ಲ ತಾನೆ?"

"ಇಲ್ಲ" ಅಂದಳು. ನಿಜವನ್ನೇ ಹೇಳಿದ್ದರೂ ಪಕ್ಕದಲ್ಲಿದ್ದ ಗಂಡನ ಮುಖ ನೋಡಿದಳು. 'ಇವನು ನಂಬುತ್ತಾನಾ?'

ಅವನು ಜೇಬಿನಿಂದ ಔಷಧಿಯ ಬಾಟಲಿ ತೆಗೆದು ಅವಳ ಅಂಗೈಯಲ್ಲಿಟ್ಟ.

"ರಕ್ತ ತೆಗೆದ್ಮೇಲೆ ನೀನೇ ಕುಡಿಸು."

"ನಾನಾ? ಮತ್ತೆ ತಪ್ಪಾದ್ರೆ...?"

"ಮೊದ್ಲು ನಂಗ್ ಹೇಳು. ಎಗರಾಡಲ್ಲ. ಮನೆಗ್ ಬಾರೇ..."

ಅವಳು ಬಾಟಲಿಯ ಜೊತೆ ಅವನ ಬೆರಳುಗಳನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಬರ್ತೀನಿ."