ಕಪ್ಪಾಗಿ ಬಂದ ಅಮ್ಮನ ಫೋಟೊ

ಈ ಊರಲ್ಲಿ ನನ್ನಂಥ ಫೋಟೊಗ್ರಾಫರ್ ಹುಟ್ಟಿಲ್ಲ, ಇನ್ನು ಹುಟ್ಟುವುದೂ ಅನುಮಾನ. ನಾನು ಕ್ಯಾಮೆರಾ ಎತ್ತಿದರೆ ಮದುಮಗನ ಬೋಳುತಲೆಯಲ್ಲೂ ಕೂದಲು ಚಿಗುರುತ್ತದೆ. ಅಂಥ ನನ್ನನ್ನು ಎದುರಿನ ಕನ್ನಡಕದಂಗಡಿಯವಳು, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನೋಡಿ, "ನಿಮ್ಮ ಕ್ಯಾಮೆರಾ ದೊಡ್ಡದೋ, ಬಾಯಿ ದೊಡ್ಡದೋ?" ಎಂದು ಕೇಳಿದ್ದಳು.

ಅಂದಿನಿಂದ ನನ್ನ ಕಣ್ಣು ಕೆಡತೊಡಗಿತು. ಅವಳೇ ಕೊಟ್ಟ ಕನ್ನಡಕ ಹಾಕಿಕೊಂಡು ವಾರವಾರವೂ ಪರೀಕ್ಷೆಗೆ ಹೋಗುತ್ತಿದ್ದೆ. ನಂಬರು ಸ್ವಲ್ಪ ಏರಿದೆ, ಮುಂದಿನ ವಾರ ಬನ್ನಿ ಎಂದು ಅವಳು ಗಂಭೀರವಾಗಿ ಹೇಳುತ್ತಿದ್ದಳು.

ಒಂದು ದಿನ ಅವಳೇ ಸ್ಟುಡಿಯೋಗೆ ಬಂದಳು. ನಗುವಿರಲಿಲ್ಲ. ಅವಳ ಅಮ್ಮನ ವಿಷಯದಲ್ಲಿ ಡಾಕ್ಟರು ಕೈಚೆಲ್ಲಿದ್ದರು. ಅಮ್ಮ ಕಿಟಕಿಯ ಪಕ್ಕ ಮಲಗಿದ್ದಾಳೆ, ಹೊರಗೆ ಅವಳೇ ನೆಟ್ಟ ಮರ ಹೂಬಿಟ್ಟಿದೆ, ಎರಡೂ ಒಂದೇ ಫೋಟೊದಲ್ಲಿ ಬೇಕು. ಫೋನಿನಲ್ಲಿ ಅಮ್ಮ ಕಂಡರೆ ಕಿಟಕಿ ಬರೀ ಬಿಳಿ, ಮರ ಕಂಡರೆ ಅಮ್ಮ ಬರೀ ಕಪ್ಪು.

ನಾನು ಎದೆಯುಬ್ಬಿಸಿದೆ. ಫೋನಿನ ಸೆನ್ಸರು ಉಗುರಿಗಿಂತ ಚಿಕ್ಕದು, ಬೆಳಕು ಹಿಡಿಯುವ ಅದರ ಒಂದೊಂದು ಕಣವೂ ಚಮಚದಷ್ಟು, ತಟ್ಟನೆ ತುಂಬಿ ತುಳುಕುತ್ತದೆ. ನನ್ನದು ಹಂಡೆ, ಸೂರ್ಯನನ್ನೇ ಸುರಿದರೂ ಇನ್ನಷ್ಟು ತಾ ಎನ್ನುತ್ತದೆ ಎಂದೆ.

ಅವರ ಮನೆಗೆ ಹೋದಾಗ ಅಮ್ಮ ಹಾಸಿಗೆಗೆ ಅಂಟಿಹೋಗಿದ್ದರು. ದನಿ ಮಾತ್ರ ಉಳಿದಿತ್ತು. "ಮಾತು ಕಮ್ಮಿ ಮಾಡಿ ಬೇಗ ತೆಗಿಯಪ್ಪಾ. ನನಗೆ ಪುರುಸೊತ್ತಿಲ್ಲ."

ಬಿಳಿಯಾಗಿ ಸುಟ್ಟದ್ದು ಮತ್ತೆ ಬರುವುದಿಲ್ಲ, ಕತ್ತಲಲ್ಲಿ ಉಳಿದದ್ದನ್ನು ಮೇಲೆತ್ತಬಹುದು. ಹಾಗಾಗಿ ಹೂವಿನ ಬೆಳಕಿಗೇ ಅಳತೆಯಿಟ್ಟು ಕ್ಲಿಕ್ಕಿಸಿದೆ. ಅವಳು ಕ್ಯಾಮೆರಾದ ಪರದೆ ನೋಡಿದಳು. ಹೂವು ಒಂದೊಂದೂ ಕಾಣುತ್ತಿತ್ತು. ಹಾಸಿಗೆಯ ಜಾಗದಲ್ಲಿ ಕತ್ತಲೆ.

"ಅಮ್ಮ ಎಲ್ಲಿ?" ಎಂದಳು.

ಕಂಪ್ಯೂಟರಿನಲ್ಲಿ ಸರಿಮಾಡುವ ಬಗೆಯನ್ನು ವಿವರಿಸಹೊರಟೆ. ಅವಳು ಕೇಳಲಿಲ್ಲ. "ಇಷ್ಟು ದಿನ ಕೊಚ್ಚಿಕೊಂಡಿದ್ದು ಇದಕ್ಕಾ? ಹೋಗಿ."

ಮರುದಿನ ಬೆಳಿಗ್ಗೆ ಅಮ್ಮ ಹೋದರು. ಕನ್ನಡಕದಂಗಡಿಯ ಶಟರು ಎಷ್ಟೋ ದಿನ ಮೇಲೇಳಲಿಲ್ಲ.

ನಾನು ಕಂಪ್ಯೂಟರಿನಲ್ಲಿ ಫೋಟೊದ ಆ ಕತ್ತಲನ್ನು ಮೆಲ್ಲಗೆ ಎತ್ತಿದೆ. ಚಿಕ್ಕ ಸೆನ್ಸರಾಗಿದ್ದರೆ ಮರಳು ಎರಚಿದಂಥ ಕಲೆಗಳಷ್ಟೇ ಸಿಗುತ್ತಿದ್ದವು. ಇಲ್ಲಿ ಅಮ್ಮನ ಗಲ್ಲದ ಗೆರೆಗಳು ಬಂದವು, ಕಣ್ಣು ಬಂತು, ಕೊನೆಗೆ ತಲೆದಿಂಬು ಹಿಡಿದು ನಿಂತ ಮಗಳೂ ಬಂದಳು. ಮಗಳು ಅಮ್ಮನನ್ನು ನೋಡುತ್ತಿರಲಿಲ್ಲ. ಕ್ಯಾಮೆರಾ ಹಿಡಿದವನನ್ನು ನೋಡುತ್ತಿದ್ದಳು. ಅಮ್ಮ ಮಗಳ ಆ ನೋಟವನ್ನು ನೋಡಿ ನಗುತ್ತಿದ್ದರು.

ಶಟರು ಎದ್ದ ದಿನ ಪ್ರಿಂಟನ್ನು ಕೌಂಟರಿನ ಮೇಲಿಟ್ಟೆ. ಹೇಳಲು ಒಂದು ಸಾವಿರ ಮಾತು ಕಲಿತು ಹೋಗಿದ್ದೆ, ಒಂದೂ ಬರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು. ಅಮ್ಮನ ಮುಖದ ಮೇಲೆ ಬೆರಳಿಟ್ಟಳು.

"ಅವಳಿಗೆ ಗೊತ್ತಾಗಿತ್ತು. ನಾನೇ ಬಾಯಿಬಿಟ್ಟು ಹೇಳಬೇಕಿತ್ತು."

ಆಮೇಲೆ ನನ್ನ ಕನ್ನಡಕದತ್ತ ಬೆರಳು ತೋರಿಸಿದಳು.

"ನಿನ್ನ ಕಣ್ಣಲ್ಲಿ ನಂಬರೇ ಇಲ್ಲ ಕಣೋ," ಎಂದಳು, ಕಣ್ಣೊರೆಸಿಕೊಂಡು. "ಇದು ಬರೀ ಗಾಜು. ವಾರವಾರ ಬರಲಿ ಅಂತ ಸುಳ್ಳು ಹೇಳ್ತಿದ್ದೆ."

ಕನ್ನಡಕ ತೆಗೆದು ಫೋಟೊದ ಪಕ್ಕದಲ್ಲಿಟ್ಟೆ. ಆದರೂ ಅವಳು ಮಸುಕಾಗಿಯೇ ಕಂಡಳು.