ಬ್ರೇಕ್ ಒತ್ತಿ ಹಿಡಿದವಳು

ಜೀಪಿನ ಕೆಳಗೆ ಎರಡು ಕಾಲುಗಳಿದ್ದವು!

ಗೇಟು ತೆಗೆದು ಒಳಗೆ ಬಂದವಳು ಅಲ್ಲೇ ಕಲ್ಲಾಗಿ ನಿಂತಳು. ಹನ್ನೊಂದು ವರ್ಷದಿಂದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಅಪ್ಪನ ಫೋರ್‌ವೀಲ್ ಜೀಪು ಇವತ್ತು ಬೆತ್ತಲಾಗಿ ನಿಂತಿತ್ತು. ಅದರ ಅಡಿಯಿಂದ ಹೊರಗೆ ಚಾಚಿದ್ದ ಕಾಲುಗಳು ಅಲುಗುತ್ತಿರಲಿಲ್ಲ. ಜೀಪನ್ನು ಎತ್ತಿ ಹಿಡಿದಂತೆ ಕಂಡದ್ದು ಒಂದು ಪುಟ್ಟ ಜಾಕ್ ಮಾತ್ರ...

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಮುರಿದ ಪಕ್ಕೆಲುಬು, ಜಜ್ಜಿದ ಸೊಂಟ ನೋಡುವವಳು. ಆ ಕಾಲುಗಳ ಮೇಲಿನ ದೇಹ ಅವಳ ಕಣ್ಣಿಗೆ ಆಗಲೇ ಕಪ್ಪು ಬಿಳುಪಿನ ಫಿಲ್ಮಾಗಿ ಕಾಣತೊಡಗಿತ್ತು.

ಬ್ಯಾಗು ಎಸೆದು ಓಡಿದಳು. ಎರಡೂ ಪಾದ ಹಿಡಿದು, ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಎಳೆದಳು.

ಠಣ್!

"ಅಯ್ಯೋ! ಯಾರ್ರೀ ಅದು?"

ಹೊರಗೆ ಬಂದದ್ದು ಜೀವಂತ ಮುಖ. ಗ್ರೀಸು ಮೆತ್ತಿದ ಕೆನ್ನೆ, ಹಣೆಯ ಮೇಲೆ ನೋಡನೋಡುತ್ತಲೇ ಊದುತ್ತಿದ್ದ ಬುಗುಟು.

"ನೀವು... ನೀವು ಸತ್ತಿಲ್ವಾ?"

"ಇಲ್ಲಿವರೆಗೂ ಇಲ್ಲ. ಇನ್ನೊಂದು ಸಲ ಎಳೆದ್ರೆ ಗ್ಯಾರಂಟಿ ಇಲ್ಲ."

"ಒಂದೇ ಜಾಕ್ ನಂಬ್ಕೊಂಡು ಯಾರಾದ್ರೂ ಕೆಳಗೆ ಹೋಗ್ತಾರಾ?"

ಅವನು ಒಳಗೆ ಬೆರಳು ತೋರಿಸಿದ. ಜೀಪಿನ ಅಡಿಯಲ್ಲಿ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳು ಭದ್ರವಾಗಿ ಕೂತಿದ್ದವು. ಪಕ್ಕದಲ್ಲಿ ಮರದ ದಿಮ್ಮಿ ಬೇರೆ.

ಅವಳ ಮುಖ ಕೆಂಪಾಯಿತು. ಆದರೂ ಕೈ ಸುಮ್ಮನಿರಲಿಲ್ಲ. ಅವನ ಹಣೆಯ ಮೂಳೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತುತ್ತಾ ಹೋದಳು. "ಇಲ್ಲಿ ನೋವಾ? ಇಲ್ಲಿ?... ಇಲ್ಲಿ?"

"ಎಲ್ಲಾ ಕಡೆ," ಎಂದ ಅವನು, ಅವಳ ಕಣ್ಣನ್ನೇ ನೋಡುತ್ತಾ.

ಅವಳು ಚಟ್ಟನೆ ಕೈ ತೆಗೆದಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ನಕ್ಕರು. "ಪರಿಚಯ ಆಯ್ತಲ್ಲ! ಇವನು ಮೆಕ್ಯಾನಿಕ್ಕು. ಇವಳು ನನ್ನ ಮಗಳು. ಜೀಪು ರಿಪೇರಿ ಮಾಡಿಸ್ತಿದೀನಿ ಕಣೇ, ಮನೇಲೇ."

ಅವಳು ಅಪ್ಪನ ಕಣ್ಣುಗಳನ್ನೇ ನೋಡಿದಳು.

ಅಪ್ಪ ನಿವೃತ್ತ ಸರ್ವೇಯರ್. ಬೆಟ್ಟ ಕಾಡು ಅಳೆಯುತ್ತಾ ಈ ಜೀಪಿನಲ್ಲೇ ಮೂವತ್ತು ವರ್ಷ ಸವೆಸಿದವರು. ಈಗ ಅವರ ಕಣ್ಣಿನ ನೋಟ ಅಂಚುಗಳಿಂದ ಒಳಕ್ಕೆ ಕಿರಿದಾಗುತ್ತಿತ್ತು. ಬಲಗಡೆ ನಿಂತವರು ಮಾತಾಡಿದರೆ ಬೆಚ್ಚಿಬೀಳುತ್ತಿದ್ದರು. ಅಮ್ಮ ಹೋದಮೇಲೆ ಅವಳಿಗಿರುವುದು ಈ ಒಂದು ಜೀವ. ಡ್ಯೂಟಿಯಲ್ಲಿದ್ದಾಗ ಮನೆಯಿಂದ ಫೋನ್ ಬಂದರೆ, ಹಲೋ ಎನ್ನುವ ಮೊದಲೇ ಅವಳ ಬಾಯಿ ಒಣಗುತ್ತಿತ್ತು.

ಆ ಕಣ್ಣಿಟ್ಟುಕೊಂಡು ಅಪ್ಪ ಜೀಪು ಓಡಿಸುತ್ತಾರಾ? ದೇವರೇ...!

ಮರುದಿನ ಅವಳು ಮೆಕ್ಯಾನಿಕ್ಕನನ್ನು ಶೆಡ್ಡಿನ ಮೂಲೆಗೆ ಕರೆದಳು.

"ಈ ಗಾಡಿ ಯಾವತ್ತೂ ಓಡಬಾರದು."

"ಮೆಕ್ಯಾನಿಕ್ ಹತ್ರ ಹೇಳೋ ಮಾತಾ ಇದು, ಎಕ್ಸ್‌ರೇ ಮೇಡಂ?"

"ಅಪ್ಪನಿಗೆ ಕಣ್ಣು ಕಾಣಲ್ಲ! ಏನಾದ್ರೂ ಆದ್ರೆ..."

ಅವನು ಬಾನೆಟ್ ಎತ್ತಿ, ಎಂಜಿನ್ನಿನ ಪಕ್ಕದ ದುಂಡು ಮುಚ್ಚಳ ತೆಗೆದು, ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ತುಂಡೊಂದನ್ನು ಕಿತ್ತು ಅವಳ ಅಂಗೈಯಲ್ಲಿಟ್ಟ.

"ರೋಟರ್. ಎಂಜಿನ್ನಿಗೆ ಕಿಡಿ ಹಂಚೋದು ಇದೇ. ಇದಿಲ್ಲದಿದ್ರೆ ಇಡೀ ದಿನ ಕೀಲಿ ತಿರುಗಿಸಿದ್ರೂ ಸ್ಟಾರ್ಟ್ ಆಗಲ್ಲ. ನಿಮ್ಮ ಹತ್ರಾನೇ ಇರಲಿ. ಭಯ ಹೋದ ದಿನ ವಾಪಸ್ ಕೊಡಿ. ಕೆಲಸ ಮಾತ್ರ ನಿಲ್ಲಿಸಲ್ಲ... ಮೊದಲು ಬ್ರೇಕು, ಕೊನೆಗೆ ಎಂಜಿನ್ನು. ನಿಲ್ಲೋಕೆ ಬರದ ಗಾಡೀನ ನಾನು ಓಡೋಕೆ ಬಿಡಲ್ಲ."

ಅಂದಿನಿಂದ ಆ ಕಪ್ಪು ತುಂಡು ಅವಳ ಬಿಳಿ ಕೋಟಿನ ಜೇಬು ಸೇರಿತು. ರೋಗಿಗೆ "ಉಸಿರು ಬಿಗಿಹಿಡೀರಿ" ಎನ್ನುವಾಗಲೂ ಅವಳು ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಇದೆ... ಇದೆ.

ಬ್ರೇಕಿನ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಚಕ್ರದ ಹತ್ತಿರ ಮಲಗಿ ತಿರುಪು ಸಡಿಲಿಸಿ, ಪೈಪಿನೊಳಗೆ ಸೇರಿದ ಗಾಳಿಯನ್ನು ಎಣ್ಣೆಯ ಜೊತೆ ಹೊರಗೆ ಬಿಡಬೇಕು. ತಿರುಪು ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಮತ್ತೆ ಒಳಗೆ. ಮೊದಲಿನಿಂದ ಶುರು.

ಅಪ್ಪನಿಗೆ ಮಂಡಿ ನೋವಂತೆ. ಹಾಗಾಗಿ ಪೆಡಲ್ ಅವಳ ಪಾಲಿಗೆ ಬಂತು.

"ಒತ್ತಿ," ಕೆಳಗಿನಿಂದ ಅವನ ದನಿ.

"ಒತ್ತಿದೆ."

"ಹಿಡ್ಕೊಳ್ಳಿ. ನಾನು ಹೇಳೋ ತನಕ ಬಿಡಬೇಡಿ."

ಕಾಲಿನಡಿ ಪೆಡಲ್ ನಿಧಾನವಾಗಿ ಕುಸಿಯಿತು. ಆ ಕುಸಿತಕ್ಕೇ ಹೆದರಿ ಅವಳು ಬಿಟ್ಟುಬಿಟ್ಟಳು!

"ಹೋಯ್ತು..."

"ಸಾರಿ! ಏನೋ ಮುರಿದು ಹೋಯ್ತು ಅನ್ಕೊಂಡೆ..."

"ಏನೂ ಮುರಿಯಲ್ಲ. ಮತ್ತೆ ಒತ್ತಿ."

ಅವತ್ತು ಅವಳು ಒಂಬತ್ತು ಸಲ ಬಿಟ್ಟಳು. ಒಂಬತ್ತು ಸಲವೂ ಅವನು "ಮತ್ತೆ" ಎಂದ, ಒಂದೇ ದನಿಯಲ್ಲಿ. ಹತ್ತನೆಯ ಸಲ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿ ನಿಂತಾಗ ಅವಳಿಗೆ ಯಾಕೋ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಅವಳ ಭಯವನ್ನು ನೋಡಿ ನಗದೆ, ಬುದ್ಧಿಯನ್ನೂ ಹೇಳದೆ ಕಾದವರು ಯಾರಿದ್ದರು?

ಆಮೇಲೆ ಬ್ರೇಕಿನ ಕೆಲಸದಲ್ಲೇ ಸಂಜೆಗಳು ಹಾಗೇ ಜಾರಿದವು. ಅವನು ಒಂದೊಂದು ಭಾಗದ ಹೆಸರು ಹೇಳಿಕೊಟ್ಟ. ಎಂಜಿನ್ ಆಫ್ ಇರುವ ಜೀಪಿನಲ್ಲೇ ಕ್ಲಚ್ಚು, ಗೇರು ಅಭ್ಯಾಸ ಮಾಡಿಸಿದ. ಅವಳ ಲೈಸೆನ್ಸು ಆರು ವರ್ಷದಿಂದ ಬೀರುವಿನಲ್ಲಿ ಕೊಳೆಯುತ್ತಿದೆ ಎಂದು ತಿಳಿದಾಗ, "ಜೀಪಿಗಿಂತ ಜಾಸ್ತಿ ತುಕ್ಕು ನಿಮಗೇ ಹಿಡಿದಿದೆ," ಎಂದು ನಕ್ಕ.

ಅವಳೂ ನಕ್ಕಳು. ಮರುಕ್ಷಣವೇ ಹೊಸ ದಿಗಿಲು... ಕೆಲಸ ಮುಗಿದರೆ ಇವನು ಹೋಗಿಬಿಡುತ್ತಾನಲ್ಲ!

ಆ ಬುಧವಾರ ಅವಳು ಎರಡು ಗಂಟೆ ಮೊದಲೇ ಮನೆಗೆ ಬಂದಳು. ಬೀದಿಯ ತಿರುವಿನಲ್ಲಿ ಕಾಲು ನಿಂತಿತು.

ಎಂಜಿನ್ನಿನ ಸದ್ದು!

ಕೈ ಜೇಬಿಗೆ ಹೋಯಿತು. ರೋಟರ್ ಅಲ್ಲೇ ಇತ್ತು. ಹಾಗಾದರೆ... ಅವನು ಇನ್ನೊಂದು ತಂದು ಹಾಕಿದ್ದಾನೆ!

ಓಡಿದಳು. ಸ್ಟೇರಿಂಗ್ ಹಿಂದೆ ಅಪ್ಪ. ಬಾನೆಟ್ ಮೇಲೆ ಬಾಗಿ ಕಿವಿಗೊಟ್ಟು ನಿಂತಿದ್ದವನು ಅವನು.

"ಆಫ್ ಮಾಡಿ!" ಅವಳು ಕಿರುಚಿದಳು. ಅಪ್ಪ ಬೆಚ್ಚಿ ಕೀಲಿ ತಿರುಗಿಸಿದರು. "ನನ್ನ ಕೈಗೊಂದು ಆಟಿಕೆ ಕೊಟ್ಟು, ಹಿಂದಿನಿಂದ ಇನ್ನೊಂದು ಹಾಕಿದ್ರಾ? ನಾನು ನಿಮ್ಮನ್ನ ನಂಬಿದ್ದೆ... ನನ್ನ ಅಪ್ಪನ ಜೀವ ಕಣ್ರೀ ಇದು!"

ಅವನು ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿದರು. ಅವನು ಏನೋ ಹೇಳಹೊರಟವನು ನುಂಗಿಕೊಂಡ.

"ಏನಾದ್ರೂ ಮಾತಾಡಿ!"

"ಎಂಜಿನ್ ಓಡಿದ್ದು ನಿಜ," ಎಂದ ಮೆಲ್ಲಗೆ. "ನಿಮ್ಮನ್ನ ಹೆದರಿಸಿದ್ದಕ್ಕೆ ಕ್ಷಮಿಸಿ."

"ನಾಳೆಯಿಂದ ಬರಬೇಡಿ."

ಅವನು ಸ್ಪಾನರುಗಳನ್ನು ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿದ. ಗೇಟಿನ ಚಿಲಕವನ್ನು ಸದ್ದಾಗದಂತೆ ಹಾಕಿಕೊಂಡು ಹೋದ.

ಮೂರು ದಿನ ಮನೆಯಲ್ಲಿ ಮಾತಿಲ್ಲ. ಆಸ್ಪತ್ರೆಯಲ್ಲಿ ಎಡಗೈ ಬದಲು ಬಲಗೈ ಎಕ್ಸ್‌ರೇ ತೆಗೆದು ಬೈಸಿಕೊಂಡಳು. ಸಿಟ್ಟಿತ್ತು, ನಿಜ. ಆದರೆ ಸಂಜೆಯಾದರೆ ಕಿವಿ ಗೇಟಿನ ಕಡೆಗೇ...

ನಾಲ್ಕನೆಯ ದಿನ ಭಾನುವಾರ. ಆ ಇನ್ನೊಂದು ರೋಟರನ್ನೂ ಕಿತ್ತು ಎಸೆದುಬಿಡೋಣವೆಂದು ಬೆಳಿಗ್ಗೆಯೇ ಶೆಡ್ಡಿಗೆ ಹೋದಳು. ಅವನು ಕಲಿಸಿದಂತೆಯೇ ಮುಚ್ಚಳ ತೆಗೆದಳು.

ಅದು ಹೊಸದಾಗಿರಲಿಲ್ಲ. ಅಂಚು ಸವೆದಿತ್ತು. ತಲೆಯ ಮೇಲೆ ಒಂದು ಕೆಂಪು ಬಣ್ಣದ ಚುಕ್ಕೆ. ಅಪ್ಪನ ಅಳತೆಗೋಲು, ಟಾರ್ಚು, ಊಟದ ಡಬ್ಬಿ, ಎಲ್ಲದರ ಮೇಲೂ ಇರುವ ಅದೇ ಕೆಂಪು ಚುಕ್ಕೆ...

"ಅಪ್ಪಾ!"

ಅಪ್ಪ ನಿಧಾನವಾಗಿ ಬಂದರು. ಅವಳ ಕೈಯಲ್ಲಿದ್ದುದನ್ನು ಕಣ್ಣಿನ ಹತ್ತಿರ ತಂದು ನೋಡಿ, ಸಿಕ್ಕಿಬಿದ್ದ ಕಳ್ಳನಂತೆ ನಕ್ಕರು.

"ಕಾಡಲ್ಲಿ ಜೀಪು ಓಡಿಸಿದವನು ಒಂದೇ ರೋಟರ್ ಇಟ್ಕೊಂಡಿರ್ತಾನೇನೇ ಪೆದ್ದಿ? ಸೀಟಿನ ಕೆಳಗೆ ಕಟ್ಟಿಟ್ಟಿದ್ದೆ. ನೀನು ಡ್ಯೂಟಿಗೆ ಹೋದಮೇಲೆ ಹಾಕಿ, ಹತ್ತು ನಿಮಿಷ ಸದ್ದು ಕೇಳ್ತಾ ಕೂತಿರ್ತೀನಿ. ಎಂಜಿನ್ ರೆಡಿಯಾದಾಗಿನಿಂದ, ಒಂದು ವಾರ ಆಯ್ತು."

"ಒಂದು ವಾರ! ಓಡಿಸಿದ್ರಾ?"

"ಒಂದಡಿನೂ ಇಲ್ಲ. ಕಣ್ಣು ನನ್ನದು ಕಣೇ. ಎಷ್ಟು ಕಾಣುತ್ತೆ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು."

"ಮತ್ತೆ ಇಷ್ಟೆಲ್ಲಾ ರಿಪೇರಿ ಯಾರಿಗೆ?"

ಅಪ್ಪ ಡ್ರೈವರ್ ಸೀಟನ್ನು ಕೈಯಿಂದ ಸವರಿದರು. "ನಿನಗೆ. ಪೂರ್ತಿ ಕತ್ತಲಾಗೋ ಮೊದಲು ನಾನು ಅಳೆದ ಬೆಟ್ಟ ಇನ್ನೊಂದ್ಸಲ ನೋಡ್ಬೇಕು. ನೇರವಾಗಿ ಕೇಳಿದ್ರೆ ಭಯ ಅಂತೀಯ. ಅದಕ್ಕೇ ನಿನ್ನ ಪೆಡಲ್ ಹತ್ರ ಕೂರಿಸು ಅಂತ ಅವನಿಗೆ ಹೇಳಿದ್ದು ನಾನೇ. ರೋಟರ್ ವಿಷಯ ಅವನಿಗೆ ಗೊತ್ತಾಗಿದ್ದು ಆ ಬುಧವಾರವೇ. ನಾನೇ ಹೇಳ್ತೀನಿ, ನೀನು ಬಾಯಿಬಿಡಬೇಡ ಅಂತ ಅವನಿಂದ ಮಾತು ತಗೊಂಡೆ. ಅಷ್ಟರಲ್ಲಿ ನೀನು ಬಂದುಬಿಟ್ಟೆ."

"ನೀವಾದ್ರೂ ಆಗಲೇ ಹೇಳಬಾರದಿತ್ತಾ?"

"ನೀನು ಕೂಗಿದ ರಭಸಕ್ಕೆ ನನ್ನ ನಾಲಿಗೆ ಒಳಗೆ ಹೋಯ್ತು. ಆಮೇಲೆ ನಾಚಿಕೆ."

ಆದರೆ ಅವಳಿಗೆ ಇನ್ನೊಂದು ದಿಗಿಲು ಕಾದೇ ಇತ್ತು. "ಹಾಗಾದ್ರೆ... ಅವರು ದಿನಾ ನನ್ನ ಜೊತೆ ಕೂತು ಕಲಿಸಿದ್ದೆಲ್ಲಾ ನೀವು ಹೇಳಿದ್ದಕ್ಕಾ?"

ಅಪ್ಪ ಹುಬ್ಬೇರಿಸಿದರು. "ನಾನು ಹೇಳಿದ್ದು ಬ್ರೇಕು ಮಾತ್ರ. ನಾಲ್ಕು ಚಕ್ರದ ಬ್ರೇಕಿಗೆ ಒಂದು ದಿನ ಸಾಕು. ಅವನು ಮೂರು ವಾರ ಮಾಡಿದ. ಅದು ನಾನು ಹೇಳಿದ್ದಲ್ಲಪ್ಪ!"

ಅವಳು ಕೆಂಪು ಚುಕ್ಕೆಯ ರೋಟರನ್ನು ಮತ್ತೆ ಕೂರಿಸಿ, ಬೀರುವಿನಿಂದ ಲೈಸೆನ್ಸ್ ತಂದಳು.

ಅವನ ಮನೆ ಊರಿನಾಚೆ, ಕಲ್ಲುಪುಡಿ ಹಾಸಿದ ಕಡಿದಾದ ಏರಿನ ಮೇಲೆ. ಅಪ್ಪ ಪಕ್ಕದಲ್ಲಿ ಕೂತರು. ಗೇಟು ದಾಟುವಷ್ಟರಲ್ಲಿ ಎಂಜಿನ್ ಮೂರು ಸಲ ನಿಂತಿತು. ಎದುರಿಗೊಂದು ಸೈಕಲ್ ಬಂದರೂ ಅವಳ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಏರಿನ ಬುಡದಲ್ಲಿ ಇಳಿದು, ಅವನು ತೋರಿಸಿದ್ದಂತೆ ಮುಂದಿನ ಒಂದೊಂದು ಚಕ್ರದ ನಡುಮಧ್ಯೆ ಇದ್ದ ಬಿರಡೆ ತಿರುಗಿಸಿ ಲಾಕ್ ಮಾಡಿದಳು. ಚಿಕ್ಕ ಲಿವರ್ ಎಳೆದಳು. ಈಗ ನಾಲ್ಕೂ ಚಕ್ರಕ್ಕೆ ಶಕ್ತಿ.

ಅರ್ಧ ಏರಿನಲ್ಲಿ ಎಂಜಿನ್ ನಿಂತಿತು.

ಜೀಪು ಹಿಂದಕ್ಕೆ ಜಾರಿತು! ಅವಳ ಕಾಲು ತಾನಾಗಿಯೇ ಬ್ರೇಕ್ ಒತ್ತಿತು. ಪೆಡಲ್ ಗಟ್ಟಿ, ಕಲ್ಲಿನಂತೆ. ಜೀಪು ನಿಂತಿತು.

"ಅಪ್ಪಾ, ಈಗ ಏನ್ ಮಾಡ್ಲಿ?"

"ನನಗೆ ಸರಿಯಾಗಿ ಕಾಣಿಸ್ತಿಲ್ಲ ಕಣೇ. ನೀನೇ ಹೇಳು."

ನೀನೇ ಹೇಳು... ಅವಳು ಹಲ್ಲು ಕಚ್ಚಿ ಹ್ಯಾಂಡ್‌ಬ್ರೇಕ್ ಎಳೆದು, ಮತ್ತೆ ಸ್ಟಾರ್ಟ್ ಮಾಡಿದಳು. ಮತ್ತೆ. ಅದೇ ದನಿ ಕಿವಿಯಲ್ಲಿ: ಮತ್ತೆ. ಜೀಪು ಗುರುಗುಟ್ಟಿ ಮೇಲಕ್ಕೆ ಹತ್ತಿತು.

ಸದ್ದು ಕೇಳಿ ಅವನು ಬಾಗಿಲಿಗೆ ಬಂದಿದ್ದ. ಡ್ರೈವರ್ ಸೀಟಿನಲ್ಲಿ ಅವಳನ್ನು ಕಂಡು ಅವನ ಕೈಯಲ್ಲಿದ್ದ ಟವೆಲ್ ಕೆಳಗೆ ಬಿತ್ತು.

"ನೀವಾ... ಈ ಏರು... ನೀವೇ ಹತ್ತಿಸಿದ್ರಾ?"

ಅವಳು ಇಳಿದು, ಬಾನೆಟ್ ಎತ್ತಿ ಕೆಂಪು ಚುಕ್ಕೆಯ ರೋಟರ್ ಕಿತ್ತಳು. ಜೇಬಿನಿಂದ ಇನ್ನೊಂದನ್ನು ತೆಗೆದಳು. ಎರಡನ್ನೂ ಅವನ ಅಂಗೈಯಲ್ಲಿಟ್ಟಳು.

"ತಪ್ಪು ನಂದು. ಕೇಳದೇ ಬೈದೆ. ಈಗ ಎರಡೂ ನಿನ್ನ ಹತ್ರ ಇದೆ... ನೀನು ಕೊಡದೆ ನಾನು ವಾಪಸ್ ಹೋಗೋಕಾಗಲ್ಲ."

"ನನ್ನ ಹತ್ರ ಮೂರನೇದೂ ಇದೆ!" ಜೀಪಿನೊಳಗಿಂದ ಅಪ್ಪ ಕೂಗಿದರು.

"ಅಪ್ಪಾ!"

"ಸರಿ ಸರಿ. ನನಗೇನೂ ಕಾಣಿಸ್ತಿಲ್ಲ. ಮುಂದುವರಿಸಿ."

ಅವನು ನಗಲು ಹೋದ, ಆಗಲಿಲ್ಲ. ಕಣ್ಣು ಒದ್ದೆಯಾಗಿತ್ತು. ರೋಟರುಗಳಿದ್ದ ಅಂಗೈಯನ್ನು ಮುಚ್ಚುವಾಗ ಅವಳ ಬೆರಳುಗಳೂ ಒಳಗೇ ಸೇರಿಕೊಂಡವು.

"ಈ ನಾಲ್ಕು ದಿನ ನಿದ್ದೆ ಬಂದಿಲ್ಲ ನನಗೆ," ಎಂದ. "ಬ್ರೇಕ್ ಕೆಲಸ ಬೇಗ ಮುಗಿಸಿಬಿಟ್ಟೆ ಅನ್ನಿಸ್ತಿತ್ತು."

"ಮೂರು ವಾರ ಬೇಗಾನಾ?"

"ನಿನ್ನ ಜೊತೆ... ಹೌದು."

ಅವಳ ಕೈ ನಡುಗುತ್ತಿತ್ತು. ಅವನು ಬಿಗಿಯಾಗಿ ಹಿಡಿದ.

"ಭಯಾನಾ?"

"ತುಂಬಾ."

"ಹಿಡ್ಕೋ. ನಾನು ಹೇಳೋ ತನಕ ಬಿಡಬೇಡ."

"ಹಾಗಾದ್ರೆ..." ಅವಳು ಅವನ ಎದೆಗೆ ಹಣೆ ಆನಿಸಿದಳು. "ಯಾವತ್ತೂ ಹೇಳಬೇಡ."